ಮಂಜಿನಲ್ಲಿ ಕುದಿದ ಕೊಪ್ಪರಿಗೆ

ನನ್ನನ್ನು ಬಡಿದು ಬಡಿದು ಮಾಡಿದರು. ತಾಮ್ರದ ಕೊಪ್ಪರಿಗೆಗೆ ಬೇರೆ ಬಗೆಯ ಹುಟ್ಟಿಲ್ಲ. ರಷ್ಯಾ ದೇಶದ ತೂಲಾ ಪಟ್ಟಣದಲ್ಲಿ ನಿಕನೋರ್ ಎಂಬ ಮುದಿ ಕಸುಬುದಾರನಿದ್ದ. ನಲವತ್ತು ವರ್ಷ ಸುತ್ತಿಗೆಯ ಸದ್ದು ಕೇಳಿ ಅವನ ಬಲಗಿವಿ ಮಂದವಾಗಿತ್ತು. ಕೆಲಸ ಮುಗಿದ ದಿನ ಎಡಗಿವಿಯನ್ನು ನನ್ನ ಅಂಚಿಗೆ ತಂದು, ಬೆರಳಿನಿಂದ ಒಮ್ಮೆ ತಟ್ಟಿದ. ನಾನು ಗುಂಯ್ ಎಂದೆ. ಅವನು ತಲೆಯಾಡಿಸಿದ. ಒಳಗೆ ತವರದ ಕಲಾಯಿ ಹಾಕಿ, ಎರಡು ಹಿಡಿಕೆ ಬೆಸೆದು, ಇನ್ನೂ ಇಪ್ಪತ್ತು ಕೊಪ್ಪರಿಗೆಗಳ ಜೊತೆ ಹುಲ್ಲು ಹಾಸಿದ ಗಾಡಿಗೆ ಏರಿಸಿದ.

ದಾರಿಯುದ್ದಕ್ಕೂ ನಮಗೆ ಒಂದೇ ಕುತೂಹಲ: ಎಲ್ಲಿಗೆ ಹೋಗುತ್ತಿದ್ದೇವೆ? ಇಷ್ಟು ದೊಡ್ಡ ಪಾತ್ರೆಗಳು ಇಷ್ಟೊಂದು ಬೇಕಾದರೆ ಯಾರದೋ ಭಾರಿ ಮದುವೆಯೇ ಇರಬೇಕು ಎಂದುಕೊಂಡೆವು. ಇಳಿಸಿದ್ದು ದಾನ್ಯೂಬ್ ನದಿಯ ಬಯಲಿನಲ್ಲಿ, ತುರ್ಕರ ಮೇಲೆ ಯುದ್ಧಕ್ಕೆ ಹೊರಟ ಒಂದು ಪಡೆಯ ನಡುವೆ.

ನನ್ನನ್ನು ಫದೇಯ್ ಎಂಬ ಸಿಪಾಯಿಯ ಕೈಗೆ ಕೊಟ್ಟರು. ಅವನು ಅಗಲ ಭುಜದ, ಸಣ್ಣ ಕಣ್ಣಿನ ರೈತ. ಬಂದೂಕು ಸಿಡಿದು ಎಡಗೈಯ ಎರಡು ಬೆರಳು ಹೋದ ಮೇಲೆ ಅವನನ್ನು ಅಡುಗೆಗೆ ಹಾಕಿದ್ದರು. ಹನ್ನೆರಡು ಜನರ ಒಂದು ಪಂಕ್ತಿಗೆ ದಿನವೂ ಕಾಶಾ ಎಂಬ ಧಾನ್ಯದ ಗಂಜಿ ಬೇಯಿಸುವುದು ಅವನ ಕೆಲಸ, ಬೇಯುವುದು ನನ್ನ ಕೆಲಸ. ಸಿಪಾಯಿಗಳು ತಮ್ಮ ಮರದ ಚಮಚಗಳನ್ನು ಬೂಟಿನ ಒಳಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಸಂಜೆ ಹನ್ನೆರಡು ಚಮಚಗಳು ಒಟ್ಟಿಗೆ ಇಳಿಯುವಾಗ ಒಳಗೆಲ್ಲ ಕಚಗುಳಿಯಾಗುತ್ತಿತ್ತು. ಊಟವಾದ ಮೇಲೆ ಫದೇಯ್ ಮರಳು ಹಾಕಿ ನನ್ನನ್ನು ಉಜ್ಜುತ್ತಿದ್ದ. ಆದರೆ ಹೊಳೆಯ ಹತ್ತಿರ ಎಂದೂ ಒಯ್ಯುತ್ತಿರಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ದಡದಿಂದ ದೂರವೇ ತೊಳೆಯುತ್ತಿದ್ದ. ಹರಿಯುವ ನೀರು ಕಂಡರೆ ಅವನಿಗೆ ಭಯ.

ಎರಡು ವರ್ಷ ಕಳೆಯಿತು. ಕಲಾಯಿ ಸವೆಯಿತು. ಮತ್ತೆ ಕಲಾಯಿ ಹಾಕಿಸಬೇಕೆಂದು ಫದೇಯ್ ಎಷ್ಟು ಹೇಳಿದರೂ ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನೊಳಗೆ ಹಸಿರು ಕಿಲುಬು ಹಿಡಿಯಿತು. ಉಂಡವರು ಹೊಟ್ಟೆ ಹಿಡಿದುಕೊಂಡು ಮಲಗಿದರು. ನಾನು ವಿಷವಾಗಿದ್ದೆ. ಅದನ್ನು ಯಾರಿಗೆ ಹೇಳಲಿ?

ಆಗ ಬಂದವನು ಕ್ಯಾಪ್ಟನ್ ಗವ್ರೀಲ ಸ್ತೆಪಾನೊವಿಚ್ ಓಜೆರೊವ್. ಮುಂದೆ ಇಡೀ ರಷ್ಯಾ ಹೆಸರು ಹೇಳಲಿದ್ದ ದಂಡನಾಯಕ ಅವನೇ. ಅಂದು ಮಾತ್ರ ಕಡ್ಡಿಯಂತಹ ದೇಹದ, ಶೀತದ ಮೂಗಿನ, ಯಾರೂ ಲೆಕ್ಕಕ್ಕೆ ಹಿಡಿಯದ ಅಧಿಕಾರಿ. ನನ್ನ ಮೇಲೆ ಬಾಗಿ, ಒಳಗೆ ಬೆರಳಾಡಿಸಿ, ಹಸಿರಾದ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಎಷ್ಟು ದಿನದಿಂದ ಹೀಗಿದೆ?"

"ಶಿಶಿರದಿಂದ ಹಿಂಗೇ ಐತೆ ಒಡೆಯಾ," ಎಂದ ಫದೇಯ್. "ಹೇಳ್ದೆ. ಯಾರೂ ಕೇಳ್ಲಿಲ್ಲ."

ಮರುದಿನ ಓಜೆರೊವ್ ಪಡೆಯ ಅಧಿಕಾರಿಗಳನ್ನು ಊಟಕ್ಕೆ ಕರೆದ. ಬೆಳ್ಳಿಯ ತಟ್ಟೆಗಳಿದ್ದವು, ಬಡಿಸಿದ್ದು ಮಾತ್ರ ನನ್ನೊಳಗಿನ ಗಂಜಿ. "ಸಿಪಾಯಿಗಳ ಊಟ. ಮೊದಲು ನಾನು ಉಣ್ಣುತ್ತೇನೆ," ಎಂದು ಚಮಚ ಎತ್ತಿದ. ಅಧಿಕಾರಿಗಳು ಗಂಜಿಯ ಬಣ್ಣ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಟ್ಟಲಿಲ್ಲ. ಓಜೆರೊವ್ ಮೂರು ಚಮಚ ಉಂಡು, ಎರಡು ದಿನ ಹಾಸಿಗೆ ಹಿಡಿದ. ಮೂರನೆಯ ದಿನ ಕಲಾಯಿಯವನು ಬಂದ. ಕಲಾಯಿಗೆ ಉಜ್ಜುವ ನವಸಾಗರದ ಪುಡಿಯಿಂದ ಹೊಗೆ ಏಳುತ್ತಿರುವಾಗ ಫದೇಯ್ ನನ್ನನ್ನು ತಿರುಗಿಸಿ ಹಿಡಿದು ನಗುತ್ತಿದ್ದ.

ಅಂದಿನಿಂದ ಓಜೆರೊವ್ ದಿನಕ್ಕೊಮ್ಮೆ ನಮ್ಮ ಒಲೆಯ ಬಳಿ ಬರುತ್ತಿದ್ದ. ಕರ್ನಲ್ ಆದಾಗಲೂ ಬಂದ, ಜನರಲ್ ಆದಾಗಲೂ ಬಂದ. ಅವನು ಏನು ನೋಡಲು ಬರುತ್ತಾನೆ ಎಂಬುದು ನನ್ನ ಬಹುಕಾಲದ ಕುತೂಹಲವಾಗಿತ್ತು. ಗಂಜಿಯನ್ನಂತೂ ಅಲ್ಲ. ಫದೇಯ್ ಒಮ್ಮೆ ಹೊಸ ಸಿಪಾಯಿಗೆ ಹೇಳಿದ ಮೇಲೆ ತಿಳಿಯಿತು: "ಉಣ್ಣೋರ ಮುಖ ನೋಡ್ತಾನೆ ನಮ್ಮ ಅಪ್ಪಯ್ಯ. ನಾಳೆ ಎಷ್ಟು ದೂರ ನಡೀತಾರೆ ಅಂತ ಅಲ್ಲೇ ಅಳೀತಾನೆ." ಬೇರೆ ಪಡೆಗಳು ಎರಡು ದಿನಕ್ಕೆ ನಡೆಯುವ ದಾರಿಯನ್ನು ನಮ್ಮವರು ಒಂದೇ ದಿನಕ್ಕೆ ನಡೆಯುತ್ತಿದ್ದರು. ಓಜೆರೊವ್ ಅಡುಗೆಯ ಗಾಡಿಗಳನ್ನು ಪಡೆಗಿಂತ ಮುಂದೆ ಕಳುಹಿಸುತ್ತಿದ್ದ. ಸುಸ್ತಾಗಿ ಬಂದವನಿಗೆ ದೂರದಿಂದಲೇ ಹೊಗೆ ಕಾಣುತ್ತಿತ್ತು. ಕಾಲು ತಾನಾಗಿ ಎದ್ದು ಬರುತ್ತಿತ್ತು. ಇದನ್ನು ಯುದ್ಧಶಾಸ್ತ್ರ ಎನ್ನುತ್ತಾರೋ ಅಡುಗೆಶಾಸ್ತ್ರ ಎನ್ನುತ್ತಾರೋ ನನಗೆ ತಿಳಿಯದು.

ಅವನಿಗೆ ಹೆಸರು ತಂದದ್ದು ತುರ್ಕರ ಕಾರಾಸು ಕೋಟೆ. ಹಿಮ ಬೀಳತೊಡಗಿತ್ತು. ಮುತ್ತಿಗೆ ತೆಗೆದು ಹಿಂದಿರುಗೋಣ ಎಂದು ಬೇರೆ ಜನರಲ್‌ಗಳೆಲ್ಲ ಹೇಳಿದರು. ಓಜೆರೊವ್ ಒಪ್ಪಲಿಲ್ಲ. ಮುಂಜಾನೆ ಬಿಸಿ ಗಂಜಿ ಉಂಡು ನಮ್ಮ ಪಂಕ್ತಿಯ ಹನ್ನೆರಡು ಜನವೂ ಪಡೆಯ ಜೊತೆ ನಿಚ್ಚಣಿಕೆ ಹೊತ್ತು ಹೋದರು. ಮಧ್ಯಾಹ್ನಕ್ಕೆ ಕೋಟೆ ಬಿತ್ತು. ರಾಜಧಾನಿಯಲ್ಲಿ ಗಂಟೆ ಬಾರಿಸಿದರಂತೆ. ನಾನು ಕೇಳಿದ್ದು ಬೇರೆ ಸದ್ದು: ಸಂಜೆ ನನ್ನೊಳಗೆ ಏಳು ಚಮಚ ಮಾತ್ರ ಇಳಿದವು.

ಓಜೆರೊವ್ ಬಂದು ನೆಲದ ಮೇಲೆ ಕುಳಿತ. ನನ್ನೊಳಗೆ ಇಣುಕಿದ.

"ಎಷ್ಟು ಜನಕ್ಕೆ ಬೇಯಿಸಿದೆ ಫದೇಯ್?"

"ಹನ್ನೆರಡಕ್ಕೇ. ಕಮ್ಮಿ ಮಾಡೋಕೆ ಕೈ ಬರ್ಲಿಲ್ಲ."

ಓಜೆರೊವ್‌ನ ಎದೆಯ ಮೇಲೆ ಆ ಮಧ್ಯಾಹ್ನವೇ ತೊಡಿಸಿದ ಹೊಸ ಪದಕವೊಂದು ನೇತಾಡುತ್ತಿತ್ತು. ಬಾಗಿದಾಗ ಅದು ನನ್ನ ಅಂಚಿಗೆ ತಾಗಿ ಟಿಣ್ ಎಂದಿತು. ಎದ್ದು ಹೋಗಿ ಅದನ್ನು ಕಳಚಿ ಜೇಬಿಗೆ ಹಾಕಿಕೊಂಡ. ಆ ಕೋಟೆ ಐದು ಚಮಚಗಳಿಗೆ ಸಮನೇ ಎಂದು ನಾನು ಅಂದು ಕೇಳಿಕೊಂಡೆ. ಅವನೂ ಕೇಳಿಕೊಂಡನೇ? ಪಾತ್ರೆಗೆ ಮನುಷ್ಯನ ಮುಖ ಕೆಳಗಿನಿಂದ ಕಾಣುತ್ತದೆ, ಗಲ್ಲ ಮತ್ತು ಮೂಗಿನ ಹೊಳ್ಳೆ ಮಾತ್ರ. ಅಷ್ಟರಿಂದ ಹೇಳಲಾಗದು.

ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಓಜೆರೊವ್‌ನ ಒರಟು ಮಾತು ಅರಮನೆಗೆ ಹಿಡಿಸಲಿಲ್ಲ. ಅವನನ್ನು ಹಳ್ಳಿಗೆ ಅಟ್ಟಿದರು. ನಾವು ಬೇರೊಬ್ಬ ಜನರಲ್ ಕೈಗೆ ಸಿಕ್ಕೆವು. ಅವನಿಗೆ ಸಿಪಾಯಿಗಳ ಕೂದಲು ಬೆಳ್ಳಗೆ ಕಾಣಬೇಕಿತ್ತು. ದಿನವೂ ತಲೆಗೆ ಎಣ್ಣೆ ಹಚ್ಚಿ, ಮೇಲೆ ಹಿಟ್ಟು ಉದುರಿಸಿ, ಜಡೆ ಹೆಣೆದುಕೊಳ್ಳಬೇಕು. ನನ್ನೊಳಗೆ ಬೀಳಬೇಕಾದ ಹಿಟ್ಟು ಅವರ ತಲೆಯ ಮೇಲೆ ಬಿತ್ತು. ಫದೇಯ್ ನೀರುನೀರಾದ ಗಂಜಿ ಕದಡುತ್ತ, "ತಲೆ ಉಂಡೈತೆ, ಹೊಟ್ಟೆ ನೋಡ್ಕೊಂತ ಕೂತೈತೆ," ಎನ್ನುತ್ತಿದ್ದ. ಇಲಿಗಳಿಗೆ ಮಾತ್ರ ಆ ಕಾಲ ಸುಖದ್ದು. ಮಲಗಿದವರ ಜಡೆ ಕಡಿಯುತ್ತಿದ್ದವು.

ಫ್ರೆಂಚರು ಗಡಿ ದಾಟಿದಾಗ ಅರಮನೆಗೆ ಓಜೆರೊವ್ ನೆನಪಾದ. ಅವನು ಮರಳಿದಾಗ ಎಪ್ಪತ್ತರ ಹತ್ತಿರವಿದ್ದ. ಈಗ ಫೀಲ್ಡ್ ಮಾರ್ಷಲ್. ಕುದುರೆ ಹತ್ತಲು ಇಬ್ಬರು ಬೇಕು. ಫದೇಯ್ ಕೂಡ ಮುದುಕನಾಗಿದ್ದ, ಒಂದು ಕಾಲು ಎಳೆಯುತ್ತಿದ್ದ. ಓಜೆರೊವ್ ಮೊದಲ ದಿನವೇ ಒಲೆಗೆ ಬಂದು, "ಇನ್ನೂ ಬದುಕಿದ್ದೀಯಾ?" ಎಂದ. "ತಾವು ಬರೋವರೆಗೂ ಗಂಜಿ ಸೀದೋಗ್ಬಾರ್ದಲ್ಲ ಅಪ್ಪಯ್ಯ," ಎಂದ ಫದೇಯ್.

ಆದರೆ ಈ ಸಲ ಶತ್ರು ಎರಡು ಪಟ್ಟು ಇದ್ದ. ಸುರ್ನಾ ನದಿಯ ದಡದಲ್ಲಿ ನಾವು ಸಿಕ್ಕಿಕೊಂಡೆವು. ಮುಂದೆ ದಿಬ್ಬದ ಮೇಲೆ ಫ್ರೆಂಚರು, ಹಿಂದೆ ನದಿ, ದಾಟಲು ದೋಣಿಗಳನ್ನು ಸಾಲಾಗಿ ಕಟ್ಟಿದ ಒಂದೇ ಸೇತುವೆ. ಮೂವತ್ತು ಸಾವಿರ ಜನ ದಾಟಲು ಮಧ್ಯಾಹ್ನದವರೆಗೆ ಬೇಕು. ನಡುವೆ ಶತ್ರುವಿಗೆ ತಿಳಿದರೆ ಸೇನೆಯೆಲ್ಲ ನೀರುಪಾಲು.

ಅಂದು ದಟ್ಟವಾದ ಮಂಜು. ಬಿಡಾರದಲ್ಲಿ ಹುಲ್ಲು ಉರಿಸಿ ಹೊಗೆ ಎಬ್ಬಿಸಿ ಹೋಗೋಣ, ಸೇನೆ ಇನ್ನೂ ಇದೆ ಎಂದುಕೊಳ್ಳುತ್ತಾರೆ ಎಂದು ಅಧಿಕಾರಿಗಳು ಹೇಳಿದರು. ಓಜೆರೊವ್ ಬೇಡವೆಂದು ತಲೆಯಾಡಿಸಿದ. "ಹುಲ್ಲಿನ ಹೊಗೆ ಬೇರೆ, ಅಡುಗೆಯ ಹೊಗೆ ಬೇರೆ. ಗಾಳಿ ಅವರ ಕಡೆಗೇ ಬೀಸುತ್ತಿದೆ. ಅವರೂ ಹಸಿದವರೇ. ಮೂಗಿಗೆ ಮೋಸ ಮಾಡಲಾಗದು. ನಿಜವಾದ ಗಂಜಿ ಬೇಯಬೇಕು."

ಬೇಯಿಸಲು ಆರು ಜನ ಉಳಿಯಬೇಕಿತ್ತು. ಸೇತುವೆ ಕಡಿದ ಮೇಲೆ ಅವರು ಈಜಿ ದಾಟಬೇಕು. ಐವರು ಮುಂದೆ ಬಂದರು. ಓಜೆರೊವ್ ನಮ್ಮ ಒಲೆಯ ಬಳಿ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತ.

"ಆರನೆಯವನು ನಾನೇ," ಎಂದ ಫದೇಯ್, ಕೇಳುವ ಮೊದಲೇ. "ನಮ್ಮೊಲೆ ಎಲ್ಲಕ್ಕಿಂತ ಮುಂದೈತೆ. ಇದು ಆರಿದ್ರೆ ಮೊದ್ಲು ಅವರಿಗೇ ಕಾಣೋದು."

"ನಿನಗೆ ಈಜು ಬರುತ್ತದಾ?"

"ಬತ್ತದೆ."

ನಾನು ಬೆಚ್ಚಿದೆ. ನನ್ನನ್ನು ತೊಳೆಯಲು ಮೊಣಕಾಲುದ್ದದ ಹಳ್ಳಕ್ಕೂ ಇಳಿಯದವನು ಅವನು. ಓಜೆರೊವ್ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಫದೇಯ್‌ನ ಮೂರು ಬೆರಳಿನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, ಬಿಟ್ಟು, ಮಂಜಿನೊಳಗೆ ನಡೆದುಹೋದ.

ಫದೇಯ್ ಆ ಮುಂಜಾನೆ ಮಾಡಿದಷ್ಟು ಒಳ್ಳೆಯ ಗಂಜಿ ಹಿಂದೆಂದೂ ಮಾಡಿರಲಿಲ್ಲ. ಇದ್ದ ಹಂದಿಕೊಬ್ಬನ್ನೆಲ್ಲ ಹಾಕಿದ, ಈರುಳ್ಳಿ ಹುರಿದು ಸುರಿದ. ಹಿಂದುಗಡೆ ಸಾವಿರಾರು ಬೂಟುಗಳ ಸದ್ದು ದೂರವಾಗುತ್ತ ಹೋಯಿತು. ಸೇತುವೆ ಕಡಿಯುವ ಹೊತ್ತಿಗೆ ಫದೇಯ್ ಐವರಿಗೂ ಕೈಸನ್ನೆ ಮಾಡಿದ: ಹೋಗಿ. ಅವರು ನೀರಿಗಿಳಿದರು. ಅವನು ಒಂದೊಂದೇ ಒಲೆಗೆ ಕಾಲೆಳೆಯುತ್ತ ಹೋಗಿ ಸೌದೆ ಒಟ್ಟಿ ಬಂದ.

ಮಂಜು ಸರಿಯತೊಡಗಿದಾಗ ಫ್ರೆಂಚ್ ತುಕಡಿಯೊಂದು ಬಂತು. ಖಾಲಿ ಗುಡಾರಗಳು, ಕುದಿಯುವ ಪಾತ್ರೆಗಳು, ಒಬ್ಬ ಕುಂಟ ಮುದುಕ. ಅವರ ಅಧಿಕಾರಿ ಮುರುಕು ರಷ್ಯನ್ನಿನಲ್ಲಿ ಕೇಳಿದ: "ಸೈನ್ಯ ಎಲ್ಲಿ?"

"ಇನ್ನೊಂಚೂರು ಬೇಯ್ಬೇಕು," ಎಂದ ಫದೇಯ್. "ಕೂತ್ಕಳ್ಳಿ."

ಅಧಿಕಾರಿ ಕೂಗಾಡುತ್ತಿದ್ದ. ಆದರೆ ಅವನ ಸಿಪಾಯಿಗಳು ವಾರದಿಂದ ಬಿಸಿ ಊಟ ಕಂಡವರಲ್ಲ. ಒಬ್ಬ ಬಂದ, ಇಬ್ಬರು ಬಂದರು, ಆಮೇಲೆ ಎಲ್ಲರೂ ಸುತ್ತ ನೆರೆದರು. ಫದೇಯ್ ಒಬ್ಬೊಬ್ಬರಿಗೂ ಬಡಿಸಿದ. ಬೇರೆ ಭಾಷೆಯವರು ಉಣ್ಣುವಾಗಲೂ ಅದೇ ಸದ್ದು ಬರುತ್ತದೆ, ನನಗದು ಸೋಜಿಗವೆನಿಸಿತು. ಹೀಗೆ ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆಯಲ್ಲಿ ಆಚೆ ದಡದ ಕೊನೆಯ ಫಿರಂಗಿ ಗುಡ್ಡದ ಹಿಂದೆ ಮರೆಯಾಯಿತು.

ಅಧಿಕಾರಿ ನದಿಯವರೆಗೆ ಕುದುರೆ ಓಡಿಸಿ, ಕಡಿದ ಸೇತುವೆ ನೋಡಿ ಮರಳಿ ಬಂದ. ಕುದುರೆಯ ಕಾಲು ತಾಗಿ ನಾನು ಬೋರಲು ಬಿದ್ದೆ. ಮಣ್ಣು ಬಿಟ್ಟು ಏನೂ ಕಾಣಲಿಲ್ಲ. ಬಂದೂಕಿನ ಒಂದು ಸದ್ದು ಕೇಳಿತು. ಅದು ನನ್ನೊಳಗೆ ಬಹಳ ಹೊತ್ತು ಗುಂಯ್‌ಗುಟ್ಟಿತು.

ನನ್ನನ್ನು ಎತ್ತಿದವಳು ಅಗ್ರಫೇನ, ಪಕ್ಕದ ಹಿಟ್ಟಿನ ಗಿರಣಿಯ ವಿಧವೆ. ಗಿರಣಿಯ ಅಟ್ಟದಲ್ಲಿ ಅಡಗಿ ಎಲ್ಲವನ್ನೂ ನೋಡಿದ್ದಳು. ಫದೇಯ್‌ನನ್ನು ಗಿರಣಿಯ ಹಿಂದೆ ಅವಳೇ ಮಣ್ಣು ಮಾಡಿದಳು. ಕುದುರೆಯ ಗೊರಸಿಗೆ ಸೀಳಿದ್ದ ನನ್ನ ತಳಕ್ಕೆ ತೇಪೆ ಹಾಕಿಸಿ, ಹಸುಗಳ ಕಲಗಚ್ಚಿಗೆ ಇಟ್ಟುಕೊಂಡಳು.

ಯುದ್ಧ ಮುಗಿದ ಮೂರನೆಯ ವಸಂತದಲ್ಲಿ ಒಂದು ಗಾಡಿ ಬಂದು ನಿಂತಿತು. ಓಜೆರೊವ್ ಇಳಿದ, ಜೊತೆಗೆ ಗ್ಲೇಬ್ ಎಂಬ ಲೆಫ್ಟಿನೆಂಟ್. ನನ್ನನ್ನು ದಾಟಿಯೇ ಹೋದರೂ ಗುರುತಿಸಲಿಲ್ಲ. ಅಗ್ರಫೇನಳನ್ನು ಕೇಳಿದ: "ತಾಯಿ, ಇಲ್ಲಿ ಒಬ್ಬ ಅಡುಗೆಯವನು ಉಳಿದಿದ್ದ. ಏನಾದ?"

ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅವನು ಬಾಗಿಲ ಚೌಕಟ್ಟು ಹಿಡಿದು ಕೇಳಿದ.

"ನದಿಗೆ ಓಡಲಿಲ್ಲವಾ?"

"ನದಿ ಕಡೆ ತಿರುಗ್ ಸೈತ ನೋಡ್ನಿಲ್ಲ ಯಜಮಾನ್ರೇ."

"ಅವನಿಗೆ ಈಜು ಬರುತ್ತಿರಲಿಲ್ಲ," ಎಂದ ಓಜೆರೊವ್. "ನನಗೆ ಗೊತ್ತಿತ್ತು. ಬರುತ್ತದಾ ಎಂದು ಕೇಳಿದೆ. ಬರುತ್ತದೆ ಎಂದ. ನಂಬಿದವನ ಹಾಗೆ ಎದ್ದು ಹೋದೆ."

ಅಗ್ರಫೇನ ಕುಳಿತುಕೊಳ್ಳಲು ಮಣೆ ತಂದು ಹಾಕಿದಳು, ಅಷ್ಟೇ.

ಮಣೆಯ ಮೇಲೆ ಕುಳಿತು ಅವನು ಗ್ಲೇಬನಿಗೆ ಹೇಳಿದ: "ಸುರ್ನಾ ವರದಿಯಲ್ಲಿ 'ಒಬ್ಬನನ್ನೂ ಕಳೆದುಕೊಳ್ಳದೆ ದಾಟಿದೆವು' ಎಂದಿದೆ. ಒಬ್ಬನನ್ನು ಕಳೆದುಕೊಂಡೆವು ಎಂದು ತಿದ್ದಿ ಬರೆ. ಹೆಸರು ಹಾಕು."

ಗ್ಲೇಬ್ ಮೆಲ್ಲಗೆ ಹೇಳಿದ: "ಗವ್ರೀಲ ಸ್ತೆಪಾನೊವಿಚ್, ಅದನ್ನು ಚರ್ಚುಗಳಲ್ಲಿ ಓದಿಯಾಗಿದೆ. ಪುಸ್ತಕದಲ್ಲೂ ಅಚ್ಚಾಗಿದೆ. ತಮ್ಮ ಅತಿ ದೊಡ್ಡ ಗೆಲುವು ಅದೇ ಎನ್ನುತ್ತಾರೆ. ಈಗ ಯಾರೂ ತಿದ್ದುವುದಿಲ್ಲ."

"ಹಾಗಾದರೆ ಕಲ್ಲಿನ ಮೇಲೆ ಬರೆಯೋಣ."

ಊರಿನ ಕಲ್ಲುಕುಟಿಗ ಬರುವವರೆಗೆ ಅವನು ನಾಲ್ಕು ದಿನ ಗಿರಣಿಯಲ್ಲೇ ಉಳಿದ. ಕಲ್ಲಿನ ಮೇಲೆ ಎರಡು ಸಾಲು ಕೆತ್ತಿಸಿದ: 'ಫದೇಯ್. ಇವನಿಂದ ಸೇನೆ ನದಿ ದಾಟಿತು.' ತನ್ನ ಹೆಸರನ್ನು ಎಲ್ಲಿಯೂ ಹಾಕಿಸಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ತನ್ನ ಹಳ್ಳಿಯಲ್ಲಿ ತೀರಿಕೊಂಡನೆಂದು ಸುದ್ದಿ ಬಂತು.

ಅಗ್ರಫೇನಳೂ ಹೋದಳು, ಹಸುಗಳೂ ಹೋದವು. ನನ್ನ ತೇಪೆ ಬಿಟ್ಟುಹೋಗಿದೆ. ಗಿರಣಿಯ ಹಿಂದೆ ಗೋಡೆಗೊರಗಿ ಕುಳಿತಿದ್ದೇನೆ. ಮಳೆನೀರು ಬಂದಷ್ಟೂ ಸೋರಿಹೋಗುತ್ತದೆ. ಎದುರಿಗೇ ಆ ಕಲ್ಲು. ಹಿಮ ಬಿದ್ದು ಬಿದ್ದು ಮೇಲಿನ ಅಕ್ಷರಗಳು ಅಳಿಸಿಹೋಗಿವೆ. ಹೆಸರು ಕಾಣುವುದಿಲ್ಲ. 'ಇವನಿಂದ ಸೇನೆ ನದಿ ದಾಟಿತು' ಎಂಬುದಷ್ಟೇ ಉಳಿದಿದೆ. ದೂರದೂರದಿಂದ ಜನ ಬರುತ್ತಾರೆ. ಹಳೆಯ ಸಿಪಾಯಿಗಳು, ಶಾಲೆಯ ಮೇಷ್ಟರುಗಳು, ಸಮವಸ್ತ್ರದ ದೊಡ್ಡ ಅಧಿಕಾರಿಗಳು. ಇದು ಮಹಾ ದಂಡನಾಯಕ ಓಜೆರೊವ್‌ನ ಸ್ಮಾರಕವೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಟೋಪಿ ತೆಗೆದು, ನೆಟ್ಟಗೆ ನಿಂತು ವಂದಿಸುತ್ತಾರೆ.

ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು. ಈಗಿಲ್ಲ. ಒಬ್ಬ ಅಡುಗೆಯವನಿಗೆ ಜನರಲ್‌ಗಳು ಸೆಲ್ಯೂಟ್ ಹೊಡೆಯುವ ಜಾಗ ಭೂಮಿಯ ಮೇಲೆ ಇದೊಂದೇ ಇರಬೇಕು. ಓಜೆರೊವ್ ಇದನ್ನು ನೋಡಿದ್ದರೆ ಅವರನ್ನು ತಿದ್ದುತ್ತಿದ್ದನೇ, ಇಲ್ಲ ಅವರ ಹಿಂದೆ ನಿಂತು ತಾನೂ ಕೈ ಎತ್ತುತ್ತಿದ್ದನೇ ಎಂದು ನಾನು ಕುಳಿತಲ್ಲೇ ಯೋಚಿಸುತ್ತೇನೆ. ಎತ್ತುತ್ತಿದ್ದ ಎಂದೇ ಅನಿಸುತ್ತದೆ.