ದ್ವಿದಳದ ತಿಂಗಳು

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಡಾಕ್ಟರಮ್ಮ ರಾಧಮ್ಮನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದ ಕಡೆ ಬಿದ್ದ ಗುಳಿ ಹಾಗೇ ಉಳಿಯಿತು.

"ಹಾಲು ಕುಡೀತೀಯಾ?"

"ಇಲ್ಲಮ್ಮ, ಹರಕೆ ಇದೆ."

"ಮೊಟ್ಟೆ?"

ರಾಧಮ್ಮ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡಳು.

ಡಾಕ್ಟರಮ್ಮನಿಗೆ ರೇಗಿತು. "ಹಾಗಾದ್ರೆ ಬೇಳೆಕಾಳಾದ್ರೂ ತಿನ್ನಮ್ಮ. ತೊಗರಿ, ಹೆಸರು, ಹುರುಳಿ, ಯಾವುದಾದ್ರೂ ಸರಿ, ದಿನಾ ಹೊಟ್ಟೆಗೆ ಬೀಳ್ಬೇಕು. ಇಲ್ದಿದ್ರೆ ಮಗೂನೂ ಉಳಿಯಲ್ಲ, ನೀನೂ ಉಳಿಯಲ್ಲ. ಇವತ್ತು ಮನೆ ಸೇರ್ಕೊಂಡ್ರೆ ಹೆರಿಗೆವರೆಗೂ ಬಸ್ಸು ಹತ್ತಬೇಡ."

ಶಿಡ್ಲಘಟ್ಟಕ್ಕೆ ವಾಪಸು ಬರುವಾಗ ಗಂಡ ದಕ್ಷಿಣಾಮೂರ್ತಿ ಗೆಲುವಾಗಿದ್ದ. ಅವನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ಮೈ ಬೆಳೆಯಲು ಸಸಾರಜನಕ ಬೇಕು, ಅದು ಹಾಲು, ಮೊಟ್ಟೆ, ಮಾಂಸ, ಬೇಳೆಕಾಳುಗಳಲ್ಲಿದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಹುಡುಗರಿಂದ ಬಾಯಿಪಾಠ ಮಾಡಿಸಿದವನು. "ಇಷ್ಟೇ ತಾನೆ! ನಮ್ಮನೇಲಿ ಬೇಳೆಗೇನು ಬರ?" ಅಂದ. ಪಾಠ ಹೇಳುವ ಗಂಡಸರಿಗೆ ಅಡುಗೆಮನೆಯ ಪಂಚಾಂಗ ಗೊತ್ತಿರುವುದಿಲ್ಲ. ರಾಧಮ್ಮನಿಗೆ ಗೊತ್ತಿತ್ತು. ದಸರೆ ಮುಗಿದಿತ್ತು, ನಾಳೆಯಿಂದ ದ್ವಿದಳ.

ಅವಳ ಅತ್ತೆ ಸಾವಿತ್ರಮ್ಮ ಚಾತುರ್ಮಾಸ್ಯದ ವ್ರತ ಹಿಡಿದವರು. ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಯ ತಿಂಗಳು ದ್ವಿದಳ. ಅಂದರೆ ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಹೊಸಿಲು ದಾಟುವಂತಿಲ್ಲ. ಒಂದು ಬಿಟ್ಟಾಗ ಇನ್ನೊಂದು ಇರಲಿ ಎಂದು ಹಿರಿಯರು ಯೋಚಿಸಿಯೇ ಮಾಡಿದ್ದರು. ಹಾಲನ್ನು ಪೂರಾ ಬಿಟ್ಟು ಕೂತ ಬಸುರಿಯೊಬ್ಬಳು ಮನೆಯಲ್ಲಿರಬಹುದು ಅನ್ನುವುದು ಮಾತ್ರ ಆ ಮಹಾನುಭಾವರ ತಲೆಗೆ ಹೊಳೆದಿರಲಿಲ್ಲ.

ರಾಧಮ್ಮನ ಹರಕೆಯನ್ನು ಯಾರೂ ಅವಳ ಮೇಲೆ ಹೇರಿದ್ದಲ್ಲ. ಎರಡು ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ಮನೆದೇವರ ಮುಂದೆ ನಿಂತು, ಮಗು ಹುಟ್ಟಿ ಅದರ ಮುಡಿ ಕೊಡುವ ತನಕ ಹಾಲು, ಮೊಸರು, ಬೆಣ್ಣೆ, ತುಪ್ಪ ಮುಟ್ಟುವುದಿಲ್ಲ ಎಂದು ತಾನಾಗಿ ಬೇಡಿಕೊಂಡಿದ್ದಳು. ವರ್ಷ ತುಂಬುವುದರೊಳಗೆ ಬಸುರಾಯಿತು. ದೇವರು ಕೊಟ್ಟ ಮಾತು ಉಳಿಸಿಕೊಂಡಿರುವಾಗ ತಾನು ಮುರಿಯುವುದು ಹೇಗೆ?

ಅಳುಕುತ್ತಲೇ ಅತ್ತೆಯನ್ನು ಕೇಳಿದಳು. "ನನಗೆ ಮಾತ್ರ ಒಂದಿಷ್ಟು ಹೆಸರುಬೇಳೆ, ಹಿತ್ತಲಲ್ಲಿ ಬೇರೆ ಒಲೆ ಹೂಡಿ ಬೇಯಿಸ್ಕೊಳ್ಳಲಾ ಅತ್ತೆ?"

ಸಾವಿತ್ರಮ್ಮ ಕೆಟ್ಟವರಲ್ಲ. ಸೊಸೆಯ ಊದಿದ ಕಾಲಿಗೆ ದಿನವೂ ಎಣ್ಣೆ ಹಚ್ಚುತ್ತಿದ್ದರು. ಆದರೆ ಈ ಮಾತಿಗೆ ಅವರ ಮುಖ ಬಿಳುಚಿಕೊಂಡಿತು. "ಬೇಡ ಕಣೇ, ಈ ತಿಂಗಳು ಮಾತ್ರ ಬೇಡ. ಬೇಕಾದ್ರೆ ನೀನು ಹಾಲು ಕುಡಿ. ದೇವರಿಗೆ ತಪ್ಪುಕಾಣಿಕೆ ನಾನು ಕಟ್ತೀನಿ."

"ನನ್ನ ಕೈಲಾಗಲ್ಲ ಅತ್ತೆ."

ನೀನು ಮುರಿ ಅಂತ ಇವರು, ನೀವು ಮುರೀರಿ ಅಂತ ಅವಳು. ನಡುವೆ ನಿಂತ ದಕ್ಷಿಣಾಮೂರ್ತಿ "ನೀವಿಬ್ಬರೂ ಸೇರಿ ಏನಾದ್ರೂ ಮಾಡ್ಕೊಳ್ಳಿ" ಎಂದು ಕೊಡೆ ಹಿಡಿದು ಸ್ಕೂಲಿಗೆ ನಡೆದ. ಆ ಕೊಡೆಯನ್ನು ಕಿತ್ತುಕೊಂಡು ಅವನ ಬೆನ್ನಿಗೊಂದು ಬಿಡಬೇಕು ಅನ್ನಿಸಿತು ರಾಧಮ್ಮನಿಗೆ. ತವರಿಗಾದರೂ ಹೋಗೋಣವೆಂದರೆ ಗೌರಿಬಿದನೂರು ದೂರ, ಬಸ್ಸು ಹತ್ತುವಂತಿಲ್ಲ.

ಮನೆಯಲ್ಲಿ ಮೆಣಸಿನ ಸಾರು, ಹುಣಸೆ ಗೊಜ್ಜು, ಮತ್ತೆ ಮೆಣಸಿನ ಸಾರು. ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿ, ತಿಂದ ತುತ್ತೂ ಮೇಲೆ ಬರುತ್ತಿತ್ತು. ಕೈಬಳೆ ಬಿಗಿಯಾಯಿತು. ಹೊಸ ಮೈಸೂರು ರಾಜ್ಯ ಆಯಿತೆಂದು ಸ್ಕೂಲಿನಲ್ಲಿ ಹಂಚಿದ ಲಾಡನ್ನು ಗಂಡ ಪ್ರೀತಿಯಿಂದ ತಂದುಕೊಟ್ಟ. ಕಡಲೆಹಿಟ್ಟಿದೆ ಎಂದು ಅತ್ತೆ ದೂರ ಸರಿದರು, ತುಪ್ಪವಿದೆ ಎಂದು ಸೊಸೆ ಮುಖ ತಿರುಗಿಸಿದಳು. ಮೇಷ್ಟ್ರು ಬೀದಿಬಾಗಿಲ ಹೊರಗೆ ನಿಂತು ಒಬ್ಬನೇ ತಿಂದ.

ದೀಪಾವಳಿ ಕಳೆಯಿತು. ಹೊಟ್ಟೆಯೊಳಗಿನ ಒದೆತ ಕಮ್ಮಿಯಾಗುತ್ತಾ ಬಂತು. ಒಂದು ದಿನ ಬೆಳಗಿನಿಂದ ಮಗು ಒಂದು ಸಲವೂ ಅಲುಗಲಿಲ್ಲ. ರಾಧಮ್ಮ ಎಡಕ್ಕೆ ಮಲಗಿದಳು, ಬಲಕ್ಕೆ ಮಲಗಿದಳು, ತಣ್ಣೀರು ಕುಡಿದಳು. ಎದ್ದು ಹಿತ್ತಲ ಗೋಡೆಯ ಹತ್ತಿರ ಹೋಗಿ, ಆಚೆ ಮನೆಯ ಮುನಿಗಂಗಮ್ಮನನ್ನು ಕೂಗಿ, ತಿನ್ನಲು ಒಂದಿಷ್ಟು ಕಾಳು ಕೇಳಿದಳು. ಹಿಪ್ಪುನೇರಳೆ ತೋಟದ ಒಡತಿ ಅವಳು, ದನಿಯೂ ಮನಸ್ಸೂ ದೊಡ್ಡದು.

"ಅಯ್ಯೋ ನಮ್ಮಮ್ಮಣ್ಣಿ, ಬೇಯ್ಸಿದ್ದು ಕೊಟ್ರೆ ನಿಮ್ಗಾಗಲ್ಲ. ಅಂಗ್ಡಿ ಹುರಿಗಡಲೆ ಐತೆ, ತಕ್ಕೊಳ್ಳಿ" ಎಂದು ಸೆರಗಿನ ತುಂಬ ಸುರಿದಳು.

ರಾಧಮ್ಮ ಒಗೆಯುವ ಕಲ್ಲಿನ ಮರೆಯಲ್ಲಿ ಕೂತು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಎಷ್ಟು ರುಚಿ! ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಬಾವಿಕಟ್ಟೆಯ ಕಡೆಯಿಂದ ಸಾವಿತ್ರಮ್ಮ ಒದ್ದೆ ಮಡಿಯಲ್ಲಿ ಬಂದವರು, ನೋಡಿ ನಿಂತರು. ರಾಧಮ್ಮನಿಗೆ ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಸಾವಿತ್ರಮ್ಮ ಬೈಯಲಿಲ್ಲ. ಕಲ್ಲಿನ ಮೇಲೆ ಕುಸಿದು ಕೂತರು.

"ಈ ವ್ರತ ನಾನು ಯಾರಿಗೋಸ್ಕರ ಇಷ್ಟು ಬಿಗಿ ಹಿಡಿದಿದ್ದೀನಿ ಅನ್ಕೊಂಡಿದ್ದೀಯೇ? ಹೋದ ಸಲ ಇದೇ ತಿಂಗಳು ಯಾರದೋ ಮನೆ ಆರತಿಗೆ ಹೋಗಿದ್ದೆ. ಕೋಸಂಬರಿ ಕೊಟ್ರು, ಮರೆತು ಬಾಯಿಗೆ ಹಾಕ್ಕೊಂಡೆ. ವಾರ ತುಂಬೋದ್ರೊಳಗೆ ನಿನ್ನ ಮಗು ಹೋಯ್ತು. ನನ್ನ ಮಗನಿಗೂ ಹೇಳಿಲ್ಲ ಕಣೇ."

ರಾಧಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಭಯ, ಅತ್ತೆಯ ಭಯವೇ ಅವಳಿಗೂ ಹತ್ತಿಕೊಂಡಿತು. ಸೆರಗಿನ ತುದಿ ಸೇರಿಸಿ ಗಂಟು ಹಾಕತೊಡಗಿದಳು. "ಬೇಡ ಬಿಡಿ ಅತ್ತೆ, ನಾನೂ ತಿನ್ನಲ್ಲ. ಆದ್ರೆ ಬೆಳಿಗ್ಗೆಯಿಂದ ಇದು ಅಲುಗಾಡಿಲ್ಲ."

ಸಾವಿತ್ರಮ್ಮ ಅವಳನ್ನೇ ನೋಡಿದರು. ಆಮೇಲೆ ಮಡಿ ಅನ್ನುವುದನ್ನೂ ಲೆಕ್ಕಿಸದೆ ಕೈ ಚಾಚಿ, ಆ ಗಂಟು ಬಿಚ್ಚಿ, ಹುರಿಗಡಲೆ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಅಗಿಯುತ್ತಾ ಅಳುತ್ತಿದ್ದರು.

"ನಿನ್ನ ವ್ರತ ಅಲ್ಲ ಇದು, ನಂದು. ಮುರಿದಿದ್ದೂ ನಾನೇ. ಏನಾದ್ರೂ ಆದ್ರೆ ದೇವರು ನನ್ನನ್ನ ಕೇಳ್ಲಿ. ತಿನ್ನೇ, ತಿನ್ನು."

ರಾಧಮ್ಮ ತಿಂದಳು. ಅತ್ತೆಯ ಒದ್ದೆ ಕೈ ಬಂದು ಅವಳ ಹೊಟ್ಟೆಯ ಮೇಲೆ ಕೂತಿತು. ಒಳಗೆ ಮಗು ಇನ್ನೂ ಅಲುಗಿರಲಿಲ್ಲ. ಅಗಿಯುವುದನ್ನು ನಿಲ್ಲಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ.