ಗಾಡಿಯ ಸೊಂಟ

ಗುಂಡಣ್ಣ ಮೋಟಾರ್ ಸೈಕಲ್ಲನ್ನು ತನ್ನ ಮನೆಯ ಮುಂದೆ ತಂದು ನಿಲ್ಲಿಸಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಲ್ಲಗೆ ಇಳಿದ. ಕೊಳ್ಳುವ ಮೊದಲು ಕಡೂರಿನ ಪೇಟೆ ಒಂದು ಸುತ್ತು ಹಾಕಿ ನೋಡುತ್ತೇನೆಂದು ಹೊರಟಾಗ ಮುಖದಲ್ಲಿದ್ದ ಉತ್ಸಾಹ ಈಗ ಇರಲಿಲ್ಲ.

"ಷಡಕ್ಷರಿಯವರೇ, ತಪ್ಪು ತಿಳ್ಕೋಬೇಡಿ," ಎಂದ. "ಇಂಜಿನ್ನು ಚೆನ್ನಾಗಿದೆ. ಆದ್ರೆ ಇದರ ಮೇಲೆ ಕೂತು ದಿನಾ ಸಿಂಗಟಗೆರೆ ಸ್ಕೂಲಿಗೆ ಹೋಗಿ ಬಂದ್ರೆ ನನ್ನ ಸೊಂಟ ಉಳಿಯೋಲ್ಲ. ರೈಲ್ವೆ ಗೇಟಿನ ಹತ್ರ ಒಂದು ಗುಂಡಿಗೆ ಬಿತ್ತು ನೋಡಿ, ಚಳುಕು ಹಿಡಿದುಬಿಡ್ತು."

ಜಗಲಿಯ ಮೇಲೆ ಕೂತಿದ್ದ ಷಡಕ್ಷರಿ ಎದ್ದು ನಿಂತ. "ಎಲ್ಲಿ ಹಿಡೀತು ಮೇಷ್ಟ್ರೇ?"

"ಇಲ್ಲಿ. ಬೆನ್ನಿನ ಬುಡದಲ್ಲಿ, ಸ್ವಲ್ಪ ಎಡಕ್ಕೆ."

ಷಡಕ್ಷರಿಯ ಕೈ ತಾನಾಗಿಯೇ ತನ್ನ ಬೆನ್ನಿನ ಅದೇ ಜಾಗಕ್ಕೆ ಹೋಯಿತು. "ಮೊದಲು ಯಾವತ್ತಾದ್ರೂ ಬಂದಿತ್ತಾ ಈ ನೋವು?"

"ನನಗಾ? ಸಂಜೆ ಹೊತ್ತು ವಾಲಿಬಾಲ್ ಆಡೋನು ಕಣ್ರೀ ನಾನು."

"ನಿಜವಾಗ್ಲೂ ಬಂದಿರ್ಲಿಲ್ವಾ?"

ಒಳಗಿನಿಂದ ಕಾಫಿ ತಂದ ಗುಂಡಣ್ಣನ ತಾಯಿ ಜಾನಕಮ್ಮ ಷಡಕ್ಷರಿಯ ಮುಖವನ್ನೇ ನೋಡಿದರು. "ನಮ್ಮ ಹುಡುಗನಿಗೆ ಸೊಂಟ ಹಿಡಿದ್ರೆ ನಿಮಗ್ಯಾಕಪ್ಪಾ ಇಷ್ಟು ಸಂತೋಷ?" ಎಂದು ಕೇಳಿಯೇಬಿಟ್ಟರು.

ಷಡಕ್ಷರಿಗೆ ನಾಚಿಕೆಯಾಯಿತು. ಆದರೂ ತುಟಿಗೆ ಬಂದ ನಗುವನ್ನು ತಡೆಯಲು ಆಗಲಿಲ್ಲ.

ಅವನು ಅಜ್ಜಂಪುರದ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ಬುಕ್ಕಾಂಬುಧಿಯಲ್ಲಿ ಕರು ಅಡ್ಡಬಿದ್ದರೂ, ಅಂತರಘಟ್ಟೆಯಲ್ಲಿ ಎತ್ತಿನ ಕಾಲು ಬಾತರೂ ಜನ ಅವನ ಗಾಡಿಯ ಸದ್ದಿಗೇ ಕಾಯುತ್ತಿದ್ದರು. ಯುಗಾದಿ ಕಳೆದ ಮೇಲೆ ಸೊಂಟದಲ್ಲಿ ನೋವು ಕಾಣಿಸಿಕೊಂಡಿತು. ಮೊದಮೊದಲು ಸಂಜೆಗೆ ಮಾತ್ರ ಇದ್ದದ್ದು, ಬರಬರುತ್ತಾ ಬೆಳಿಗ್ಗೆ ಏಳುವಾಗಲೂ ಇರತೊಡಗಿತು. ಅವನ ತಂದೆ ಪಂಚಾಕ್ಷರಪ್ಪನವರಿಗೂ ಹೀಗೇ ಶುರುವಾಗಿತ್ತು. ಆಮೇಲೆ ಕಾಲಿನ ಸ್ವಾಧೀನ ತಪ್ಪಿ, ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ಅಷ್ಟೂ ವರ್ಷ ಅವರನ್ನು ಮಗ್ಗುಲು ತಿರುಗಿಸಿ, ಮೈ ಒರೆಸಿ, ತುತ್ತು ಕೊಟ್ಟವಳು ಷಡಕ್ಷರಿಯ ಹೆಂಡತಿ ಹಾಲಮ್ಮ.

ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ರಜೆ ಹಾಕಿ ಮಲಗಿ ಎಂದಿದ್ದರು. ಮಲಗಿದ್ದಷ್ಟು ದಿನ ನೋವು ತಗ್ಗಿತು. ಕೆಲಸಕ್ಕೆ ಹೋದ ಕೂಡಲೇ ಮತ್ತೆ ಬಂತು. ಮಾತ್ರೆಗೂ ಬಗ್ಗದ ಈ ಕಾಯಿಲೆ ಅಪ್ಪನಿಂದಲೇ ಬಂದದ್ದು ಎಂದು ಅವನು ತೀರ್ಮಾನಿಸಿಕೊಂಡ. ಹೆಂಡತಿಗೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ದಿನಾ ಬೆಳಿಗ್ಗೆ ನೀರೊಲೆಗೆ ಸೌದೆ ಒಟ್ಟುತ್ತಾ ಅವಳು, "ಕಾಲಲ್ಲಿ ಜೋಮು ಏನಾದ್ರೂ ಅದಾ?" ಎಂದು ಕೇಳುತ್ತಿದ್ದುದರಲ್ಲೇ ಅವಳಿಗೂ ಅದೇ ಯೋಚನೆಯೆಂಬುದು ಗೊತ್ತಾಗುತ್ತಿತ್ತು. ಗಾಡಿ ಮಾರಿ, ತರೀಕೆರೆಯ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೇಳುತ್ತೇನೆ ಎಂದಾಗ ಅವಳು "ನಿಮ್ಮಿಷ್ಟ" ಎಂದಷ್ಟೇ ಹೇಳಿ ಅಕ್ಕಿ ಆರಿಸತೊಡಗಿದ್ದಳು. ಹೊಸ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಹಳೆಯ ಗಾಡಿಗೆ ಗಿರಾಕಿ ಸಿಕ್ಕುವುದು ಕಷ್ಟವಾಗಿರಲಿಲ್ಲ.

ಈಗ ಷಡಕ್ಷರಿ ಕಾಫಿ ಲೋಟ ಕೆಳಗಿಟ್ಟು ಗಾಡಿಯ ಹಿಂದೆ ಹೋದ. ಎರಡೂ ಅಂಗೈಯನ್ನು ಸೀಟಿನ ಮೇಲಿಟ್ಟು ಭಾರ ಬಿಟ್ಟು ಒತ್ತಿ, ಕೈ ತೆಗೆದ. ಒಮ್ಮೆ ಎದ್ದು ನಿಲ್ಲಬೇಕಾದ ಹಿಂಭಾಗ ಎದ್ದು, ಕುಸಿದು, ಮತ್ತೆ ಎದ್ದು, ತೂಗಾಡಿತು. ಕುಂಟುವ ಎತ್ತಿನ ಯಾವ ಕಾಲಿಗೆ ಪೆಟ್ಟಾಗಿದೆ ಎಂದು ನೋಡುವವನ ಹಾಗೆ ಅವನು ಕುಕ್ಕರಗಾಲಿನಲ್ಲಿ ಕೂತು, ಬಲಗಡೆಯ ಶಾಕ್ ಅಬ್ಸಾರ್ಬರನ್ನು ಬಟ್ಟೆಯಿಂದ ಒರೆಸಿದ. ಒಣಗಿದ ಕೆಸರು ಪುಡಿಪುಡಿಯಾಗಿ ಉದುರಿತು. ಎಡಗಡೆಯದನ್ನು ಒರೆಸಿದ. ಬಟ್ಟೆ ಕರಿ ಜಿಡ್ಡಾಗಿ ಅಂಟಿಕೊಂಡಿತು.

"ಎಣ್ಣೆ ಸೋರ್‍ಹೋಗ್ಯದೆ ಮೇಷ್ಟ್ರೇ," ಎಂದ.

"ಇಷ್ಟು ದಿನ ನಿಮಗೆ ಗೊತ್ತಾಗ್ಲಿಲ್ವಾ?"

"ಹೊಡೆತ ಬಿದ್ದಾಗೆಲ್ಲಾ ನನ್ನ ಸೊಂಟದ ಮೇಲೇ ನಿಗಾ ಇರ್ತಿತ್ತು. ಗಾಡಿ ಮೇಲೆ ಅನುಮಾನಾನೇ ಬರ್ಲಿಲ್ಲ."

ಗುಂಡಣ್ಣ ಜಿಡ್ಡಾದ ಬಟ್ಟೆಯನ್ನು ನೋಡಿ, "ಹಾಗಾದ್ರೆ ಮಾರೋಲ್ಲ ನೀವು," ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ನಿಮ್ಮನ್ನ ಸುಮ್ನೆ ಕಾಯಿಸ್ದಂಗಾಯ್ತು. ಬೇಜಾರು ಮಾಡ್ಕೋಬ್ಯಾಡ್ರಿ."

"ಹೋಗ್ಲಿ ಬಿಡಿ," ಎಂದು ಜಾನಕಮ್ಮ ನಡುವೆ ಬಾಯಿ ಹಾಕಿದರು. "ಇವನು ಬಸ್ಸಲ್ಲೇ ಓಡಾಡ್ಲಿ. ನನಗೂ ನಿದ್ದೆ ಬರತ್ತೆ."

ಆದರೆ ರಿಪೇರಿಗೆಂದು ಹೊರಟು ಬೀರೂರು ದಾಟಿ ತರೀಕೆರೆಯ ದಾರಿ ಹಿಡಿಯುವಷ್ಟರಲ್ಲಿ ಷಡಕ್ಷರಿಯ ಖುಷಿ ಅರ್ಧ ಇಳಿದಿತ್ತು. ಗಾಡಿ ಕೆಟ್ಟಿರುವುದು ನಿಜ. ಹಾಗೆಂದು ಸೊಂಟ ಸರಿಯಾಗಿದೆ ಎಂದಾಯಿತೇ? ಎರಡೂ ಕೆಟ್ಟಿರಬಾರದೆಂದು ಏನಿದೆ? ಗುಂಡಿ ಕಂಡಲ್ಲೆಲ್ಲ ಅವನು ಫುಟ್‌ರೆಸ್ಟಿನ ಮೇಲೆ ನಿಂತು ದಾಟುತ್ತಾ ನಿಧಾನವಾಗಿ ಬಂದ.

ತರೀಕೆರೆಯಲ್ಲಿ ಮೆಕ್ಯಾನಿಕ್ ಕಲ್ಲಪ್ಪನ ಶೆಡ್ಡಿನಲ್ಲಿ ಗಾಡಿಗೆ ಹೊಂದುವ ಹೊಸ ಶಾಕ್ ಅಬ್ಸಾರ್ಬರ್ ಜೋಡಿ ಸಿಕ್ಕಿತು. ಕಲ್ಲಪ್ಪ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಚಕ್ರದ ಕೆಳಗೆ ಮರದ ತುಂಡು ಕೊಟ್ಟು, ಎಡಗಡೆಯ ಮೇಲಿನ ನಟ್ಟು, ಕೆಳಗಿನ ನಟ್ಟು ಬಿಚ್ಚಿದ. ತುಕ್ಕು ಹಿಡಿದು ಕೂತಿದ್ದ ಶಾಕ್ ಅಬ್ಸಾರ್ಬರನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊರಗೆಳೆದು, ಸ್ಪ್ರಿಂಗು ಬೇರೆ ಮಾಡಿ, ಒಳಗಿನ ಕಂಬಿಯನ್ನು ಷಡಕ್ಷರಿಯ ಕೈಗೆ ಕೊಟ್ಟ.

"ಎಳೀರಿ ನೋಡಾನ."

ಕಂಬಿ ಬೆರಳ ತುದಿಯಲ್ಲಿ ಸಲೀಸಾಗಿ ಆಚೀಚೆ ಆಡಿತು.

"ಇದು ಬಿಗಿಯಾಗಿ ನಿಧಾನಕ್ಕೆ ಬರಬೇಕು. ತಡೆಯೋ ಎಣ್ಣೇನೇ ಇಲ್ವಲ್ಲ, ಇನ್ನೆಲ್ಲಿ ಬಿಗಿ? ಗಾಡಿ ಮೇಲಿನ ಪೆಟ್ಟೆಲ್ಲಾ ನಿಮ್ಮ ಬೆನ್ನಿಗೇ ಬಿದ್ದದೆ."

"ಬಲಗಡೇದು ಚೆನ್ನಾಗೇ ಅದೆಯಲ್ಲ, ಅದೂ ತೆಗೀಬೇಕಾ?"

"ಒಂದು ಹೊಸದು ಒಂದು ಹಳೇದು ಹಾಕುದ್ರೆ ಗಾಡಿ ತಿರುವಲ್ಲಿ ಓಲಾಡ್ತದೆ. ಎರಡೂ ಬದಲಾಯಿಸ್ಬಿಡಾನ."

ಷಡಕ್ಷರಿ ಒಪ್ಪಿದ. ಕಲ್ಲಪ್ಪ ಹೊಸ ರಬ್ಬರ್ ಬುಷ್ ಕೂರಿಸಿ, ಒಂದೊಂದೇ ಕಡೆ ಸೇರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಷಡಕ್ಷರಿಯನ್ನೇ ಸೀಟಿನ ಮೇಲೆ ಕೂರಿಸಿ ನಟ್ಟುಗಳನ್ನು ಕೊನೆಯ ಸಲ ಬಿಗಿದ. ಆಮೇಲೆ ತಾನೇ ಸೀಟು ಒತ್ತಿ ಬಿಟ್ಟ. ಗಾಡಿ ಒಮ್ಮೆ ಎದ್ದು ಸುಮ್ಮನೆ ನಿಂತಿತು.

ತರೀಕೆರೆ ಬಿಟ್ಟ ಮೇಲೆ ಅಜ್ಜಂಪುರದ ದಾರಿಯಲ್ಲಿ ಒಂದು ಮೋರಿಯಿದೆ. ಅದರ ಎರಡೂ ತುದಿಯಲ್ಲಿ ಜಲ್ಲಿ ಕಿತ್ತು ಹಳ್ಳ ಬಿದ್ದಿತ್ತು. ದೂರದಿಂದಲೇ ಅದನ್ನು ಕಂಡು ಷಡಕ್ಷರಿಯ ಕಾಲುಗಳು ಅಭ್ಯಾಸಬಲದಿಂದ ಎದ್ದು ನಿಲ್ಲಲು ಸಜ್ಜಾದವು. ಅವನು ಏಳಲಿಲ್ಲ. ಹಲ್ಲು ಕಚ್ಚಿಕೊಂಡು ಸೀಟಿಗೆ ಒತ್ತಿ ಕೂತು ನೇರವಾಗಿ ಹಳ್ಳಕ್ಕೇ ಬಿಟ್ಟ. ಚಕ್ರ ಇಳಿಯಿತು, ಏರಿತು. ಇನ್ನೊಂದು ತುದಿಯಲ್ಲೂ ಇಳಿದು ಏರಿತು. ಬೆನ್ನಿನ ಬುಡದಲ್ಲಿ ಹಳೆಯ ನೋವು ಹಸಿಯಾಗಿ ಇತ್ತು ನಿಜ, ಆದರೆ ಹೊಸ ಚಳುಕು ಬರಲಿಲ್ಲ. ಅವನು ಗಾಡಿ ತಿರುಗಿಸಿಕೊಂಡು ಬಂದು ಅದೇ ಮೋರಿಯನ್ನು ಇನ್ನೊಮ್ಮೆ ದಾಟಿದ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನೆಟ್ಟಗಾಗಿ, ಈತನದು ಏನೋ ಬಿದ್ದುಹೋಗಿರಬೇಕು ಎಂದು ನೋಡಿದರು. ಷಡಕ್ಷರಿ ರಸ್ತೆಯ ಅಂಚಿಗೆ ನಿಲ್ಲಿಸಿ, ಇಳಿದು, ಕರವಸ್ತ್ರದಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡ.

ಗಾಡಿಯ ಸದ್ದು ಕೇಳಿ ಹಾಲಮ್ಮ ಬಾಗಿಲಿಗೆ ಬಂದಳು. "ಮಾರ್ಲಿಲ್ವಾ?"

"ಇಲ್ಲ. ಕಾಯ್ಲೆ ನಂಗಲ್ಲ ಕಣೇ, ಗಾಡಿಗೆ."

ಅವಳು ನಗಲಿಲ್ಲ. ಅವನು ಗೋಣಿಚೀಲದಿಂದ ಹಳೆಯ ಶಾಕ್ ಅಬ್ಸಾರ್ಬರು ತೆಗೆದು, ಕಂಬಿಯನ್ನು ಅವಳ ಕೈಗಿತ್ತು, ಮೇಷ್ಟ್ರ ಸೊಂಟ ಹಿಡಿದದ್ದರಿಂದ ಹಿಡಿದು ಮೋರಿಯವರೆಗೆ ಎಲ್ಲವನ್ನೂ ಹೇಳಿದ. ಅವಳು ಕಂಬಿಯನ್ನು ಎಳೆದು ನೋಡಿದಳು, ತಳ್ಳಿ ನೋಡಿದಳು. ಬೆರಳಿಗೆ ಜಿಡ್ಡು ಮೆತ್ತಿತು.

"ಮೇಷ್ಟ್ರಿಗೂ ಅಲ್ಲೇ ನೋವು ಬಂತಾ? ಅದೇ ಜಾಗದಲ್ಲಾ?"

"ಅದೇ ಜಾಗದಲ್ಲಿ."

"ಇನ್ನೊಂದು ಸಲ ಹೇಳ್ರಿ."

ಅವನು ಇನ್ನೊಂದು ಸಲ ಹೇಳಿದ. ಈ ಸಲ ಜಾನಕಮ್ಮ ಕೇಳಿದ ಮಾತನ್ನೂ ಸೇರಿಸಿದ. ಹಾಲಮ್ಮನಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೆ ಊಟ ಬಡಿಸಿ, ತಾನೂ ಉಂಡು, ಹಗಲು ಹೊತ್ತು ಎಂದೂ ತಲೆ ಆನಿಸದವಳು ನಡುಮನೆಯ ಬರಿನೆಲದ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಕೇಳಿಸಿತು.

ಸಂಜೆಯಾಗುತ್ತಾ ಬಂದಾಗ ಪಕ್ಕದ ಮನೆಯ ಅಂಬಮ್ಮ ಬಾಗಿಲಲ್ಲಿ ನಿಂತು, "ಹಾಲಮ್ಮಾ, ನಲ್ಲೀಲಿ ನೀರು ಬಂತು ಕಣೇ," ಎಂದು ಕೂಗಿದಳು. ಷಡಕ್ಷರಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದ. ಆಮೇಲೆ ಶಬ್ದವಾಗದಂತೆ ಅಡುಗೆಮನೆಗೆ ಹೋಗಿ, ಎರಡು ತಾಮ್ರದ ಕೊಡ ಎತ್ತಿಕೊಂಡು ಬಂದು, ಬೀದಿಯ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತುಕೊಂಡ.