ಎಮ್ಮೆ ಮೇವು ಬಿಟ್ಟಿದ್ದು ಯಾಕೆ

ಎಮ್ಮೆ ಮೇವು ಬಿಟ್ಟ ಮನೆಯಲ್ಲಿ ಮನುಷ್ಯರಿಗೂ ಊಟ ಸೇರುವುದಿಲ್ಲ. ಬಿ.ಜಿ. ಕೆರೆಯ ಲಕ್ಷ್ಮಕ್ಕನ ಮನೆಯಲ್ಲಿ ಅದೇ ಆಗಿತ್ತು. ಕರಿಯವ್ವ ಎಂದರೆ ಅವಳಿಗೆ ಬರೀ ಎಮ್ಮೆಯಲ್ಲ, ಕರುವಾಗಿದ್ದಾಗ ತವರಿನವರು ಹೊಡೆದುಕೊಂಡು ಬಂದು ಕೊಟ್ಟದ್ದು, ಅವಳೇ ಕೈಯಾರೆ ಸಾಕಿದ್ದು. ಅಂಥ ಕರಿಯವ್ವ ಈಗ ಹಸಿ ಜೋಳದ ದಂಟು ಮುಂದೆ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಮೆಲುಕು ನಿಂತುಹೋಗಿತ್ತು. ಎಡಗಡೆಯ ಹೊಟ್ಟೆ ಉಬ್ಬಿಕೊಂಡಿತ್ತು. ಮನೆಗೆಲ್ಲ ಆಗಿ ಮಿಗುತ್ತಿದ್ದ ಹಾಲು ಮೊಮ್ಮಗಳ ಲೋಟಕ್ಕೂ ಸಾಲದಾಗಿತ್ತು.

ಬೇರೆಯವರಾಗಿದ್ದರೆ ಮೊದಲು ದನದ ಡಾಕ್ಟರಿಗೆ ಹೇಳಿ ಕಳಿಸುತ್ತಿದ್ದರು. ಲಕ್ಷ್ಮಕ್ಕ ಮೊದಲು ಯೋಚಿಸಿದ್ದು ಇದನ್ನು ಮಾಡಿದವರು ಯಾರು ಎಂದು. ಅವಳ ಸ್ವಭಾವವೇ ಹಾಗೆ. ಹಾಲು ಒಡೆದರೆ ಪಾತ್ರೆ ಮುಟ್ಟಿದವರು ಯಾರು ಎನ್ನುತ್ತಾಳೆ. ಮಗು ಅತ್ತರೆ ಬಂದು ನೋಡಿಕೊಂಡು ಹೋದವರು ಯಾರು ಎನ್ನುತ್ತಾಳೆ. ಕೆಟ್ಟ ಹೆಂಗಸೇನಲ್ಲ, ಹಸಿದು ಬಂದವರಿಗೆ ಮುದ್ದೆ ಹಾಕದೆ ಕಳಿಸಿದವಳಲ್ಲ. ಆದರೆ ಮುದ್ದೆ ಉಣ್ಣುತ್ತಿರುವವನು ಯಾಕೆ ಬಂದಿರಬಹುದು ಎಂದು ಅವನು ಕೈ ತೊಳೆಯುವವರೆಗೂ ಯೋಚಿಸುತ್ತಲೇ ಇರುವವಳು.

ಮೊದಲ ಅನುಮಾನ ಸೊಸೆ ರಶ್ಮಿತಾಳ ಮೇಲೆ ಬಿತ್ತು. ಬೂಸಾ ಹಳಸಿದ್ದನ್ನು ಹಾಕಿದೆಯಾ, ನೀರು ಕುಡಿಸಿದೆಯೋ ಇಲ್ಲವೋ ಎಂದು ಕೇಳಿ ಕೇಳಿ ಆ ಹುಡುಗಿಯ ಕಣ್ಣಲ್ಲಿ ನೀರು ತರಿಸಿದಳು. ಬೂಸಾದ ಚೀಲವನ್ನು ತಾನೇ ಬಿಚ್ಚಿ ಮೂಸಿದಳು. ಬೂಸಾ ಚೆನ್ನಾಗಿಯೇ ಇತ್ತು. ಆಗ ಅನುಮಾನ ಹೊಸಿಲು ದಾಟಿ ಬೀದಿಗೆ ಇಳಿಯಿತು, ಹೋಗಿ ನಿಂತದ್ದು ನಾಗರತ್ನಳ ಮನೆಯ ಮುಂದೆ.

ನಾಗರತ್ನ ಎರಡು ಮನೆ ಆಚೆಯವಳು, ಲಕ್ಷ್ಮಕ್ಕ ಇರುವ ಮಹಿಳಾ ಸಂಘದವಳೇ. ಪಂಚಾಯ್ತಿಯವರು ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಿ ಊರಿನ ಕಸದ ಗಾಡಿ ಕೊಟ್ಟಿದ್ದರು. ಬೆಳಗಾದರೆ ಮನೆ ಮನೆಯ ಮುಂದೆ ನಿಲ್ಲಿಸಿ, ಹಸಿ ಕಸ ಬೇರೆ ಒಣ ಕಸ ಬೇರೆ ಕೊಡಿ ಎಂದು ಕೇಳುತ್ತಿದ್ದಳು. ಲಕ್ಷ್ಮಕ್ಕನಿಗೆ ಅದು ಮೊದಲ ದಿನದಿಂದಲೂ ಸರಿ ಬಂದಿರಲಿಲ್ಲ. ನಾವು ಬೇಡವೆಂದು ಎಸೆಯುವುದನ್ನು ಬಾಗಿಲಿಗೆ ಬಂದು ಕೇಳಿ ಒಯ್ಯುತ್ತಾರೆಂದರೆ ಅದರಲ್ಲಿ ಏನೋ ಮಸಲತ್ತು ಇರಲೇಬೇಕು ಎಂದು ಅವಳ ವಾದ. ಅದೂ ಅಲ್ಲದೆ ಕಸದ ಬಕೆಟ್ಟು ನೋಡಿದವರಿಗೆ ಮನೆಯ ಒಳಗುಟ್ಟೆಲ್ಲ ತಿಳಿಯುತ್ತದೆ. ಯಾವತ್ತು ಕೋಳಿ ಕೊಯ್ದರು, ಎಷ್ಟು ಅನ್ನ ಮಿಕ್ಕಿತು, ಮಗ ಏನು ಕುಡಿದು ಬಂದ. ಹಾಗಾಗಿ ಅವಳು ಗಾಡಿಗೆ ಒಂದು ಈರುಳ್ಳಿ ಸಿಪ್ಪೆಯನ್ನೂ ಕೊಟ್ಟಿರಲಿಲ್ಲ.

ಹಾಗೆಂದು ಮಿಕ್ಕ ಅನ್ನವನ್ನು ಬೀದಿಗೆ ಚೆಲ್ಲುವವಳೂ ಅಲ್ಲ. ಅನ್ನ ದೇವರು, ತುಳಿದರೆ ಪಾಪ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಹಿಂದೆಲ್ಲ ಹಿತ್ತಿಲ ಬಾಗಿಲ ಹತ್ತಿರ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕ ತುತ್ತು ಎಲ್ಲ ಅದಕ್ಕೆ ಹೋಗಿ, ಸಂಜೆಗೆ ಎಮ್ಮೆ ಕುಡಿದು ಮುಗಿಸುತ್ತಿತ್ತು. ಮನೆಗೆ ಟೈಲ್ಸ್ ಹಾಕಿಸಿದಾಗ ಮಗ ನೊಣ, ವಾಸನೆ ಎಂದು ಬಾನಿಯನ್ನು ಎತ್ತಿಸಿಬಿಟ್ಟ. ಆಮೇಲೆ ಲಕ್ಷ್ಮಕ್ಕ ಒಂದು ದಾರಿ ಹುಡುಕಿದಳು. ಮಿಕ್ಕ ಅನ್ನ, ಸಾರು, ಸಿಪ್ಪೆಯನ್ನು ಸಂತೆಯ ಪ್ಲಾಸ್ಟಿಕ್ ಕವರಿಗೆ ತುಂಬಿ, ಹಳೆಯ ಸೀರೆ ಹರಿದ ಚೂರಿನಿಂದ ಬಾಯಿ ಬಿಗಿದು, ಬೀದಿ ತುದಿಯ ಹುಣಸೆ ಮರದ ಬುಡದಲ್ಲಿ ಇಟ್ಟು ಬರುವುದು. ಯಾರ ಕಾಲಿಗೂ ಅನ್ನ ತಾಗುವುದಿಲ್ಲವಲ್ಲ ಎಂದು ಅವಳಿಗೆ ಸಮಾಧಾನ. ಕೆರೆ ಕಡೆ ಮೇಯಲು ಹೋಗುವ ದನಗಳ ದಾರಿಯೂ ಅದೇ ಮರದ ಕೆಳಗಿತ್ತು.

ನಾಗರತ್ನ ಒಮ್ಮೆ ಇದನ್ನು ನೋಡಿ, ಕವರಿಗೆ ಕಟ್ಟಿ ಇಡಬೇಡಕ್ಕ, ದನ ತಿಂತವೆ ಎಂದಿದ್ದಳು. ನಮ್ಮ ದನಕ್ಕೆ ನಿನಗಿಂತ ಜಾಸ್ತಿ ಬುದ್ಧಿ ಐತೆ ಎಂದು ಲಕ್ಷ್ಮಕ್ಕ ಅವಳ ಬಾಯಿ ಮುಚ್ಚಿಸಿದ್ದಳು. ಅವತ್ತೇ ಹೋಗುವಾಗ ನಾಗರತ್ನ ಕರಿಯವ್ವನ ಬೆನ್ನು ಸವರಿ, ಕೆಚ್ಚಲು ಎಷ್ಟು ಚೆನ್ನಾಗೈತೆ ಎಂದು ಹೊಗಳಿದ್ದಳು. ಈಗ ಲಕ್ಷ್ಮಕ್ಕನಿಗೆ ಆ ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಇನ್ನೊಂದು ಸಂಗತಿಯೂ ನೆನಪಾಯಿತು. ಈಚೆಗೆ ಬೆಳಗಿನ ಹೊತ್ತು ನಾಗರತ್ನ ಆ ಹುಣಸೆ ಮರದ ಬುಡದಲ್ಲಿ ಬಗ್ಗಿ, ಕೋಲಿನಿಂದ ಏನೋ ಕೆದಕುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಲ್ಲಿಗೆ ಎಲ್ಲ ತಾಳೆಯಾಯಿತು. ಕಣ್ಣು ಹಾಕಿದ್ದು ಸಾಲದೆ ಏನೋ ಹೂತಿಟ್ಟಿದ್ದಾಳೆ!

ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಎಮ್ಮೆಗೆ ದೃಷ್ಟಿ ತೆಗೆದದ್ದಾಯಿತು. ಕರಿ ದಾರ ಕಟ್ಟಿದ್ದಾಯಿತು. ಎಮ್ಮೆ ಇನ್ನಷ್ಟು ಸೊರಗಿತು. ಗಂಡ ಕ್ಯಾತಪ್ಪ ಡಾಕ್ಟರನ್ನು ಕರೆಯುತ್ತೇನೆ ಎಂದರೆ, ಡಾಕ್ಟರಿಗೆ ಮಾಟ ಗೊತ್ತಾಗುತ್ತದಾ ಎಂದು ತಡೆದಳು. ವಾರದ ಸಂಘದ ಸಭೆಗೆ ಸೆರಗು ಸಿಕ್ಕಿಸಿಕೊಂಡೇ ಹೋದಳು. ಎಲ್ಲರೂ ಕೂತಿದ್ದಾಗ ನೇರವಾಗಿ ನಾಗರತ್ನಳ ಮುಂದೆ ನಿಂತಳು.

"ನನ್ನ ಎಮ್ಮೆಗೆ ಏನ್ ಮಾಡಿದ್ಯೆ? ಆ ಮರದ ಬುಡದಾಗೆ ಬಗ್ಗಿ ಏನ್ ಹೂತಿಟ್ಟಿದ್ಯಾ, ಎಲ್ಲರ ಎದುರಿಗೇ ಹೇಳು."

"ನೀನು ಕಟ್ಟಿಟ್ಟ ಗಂಟುಗಳನ್ನ ಆರಿಸ್ತಿದ್ದೆ ಕಣಕ್ಕ" ಎಂದಳು ನಾಗರತ್ನ. "ದನ ಬರೋದ್ರೊಳಗೆ ತೆಗೆಯೋಣ ಅಂತ. ದಿನಾ ಆಗ್ತಿರ್ಲಿಲ್ಲ."

ಆ ಮಾತನ್ನು ಯಾರೂ ನಂಬಲಿಲ್ಲ. ಬೇರೆಯವರ ಕಸವನ್ನು ಕೈಯಿಂದ ಆರಿಸುವಷ್ಟು ಅಕ್ಕರೆ ಯಾರಿಗಿರುತ್ತದೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾಗರತ್ನ ಎದ್ದು ಹೋದಳು. ಮರುದಿನದಿಂದ ಗಾಡಿಯ ಸದ್ದು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಗಾಡಿ ಅರ್ಧ ಖಾಲಿಯಾಗಿಯೇ ತಿರುಗುತ್ತಿತ್ತು. ಒಂದು ಅನುಮಾನಕ್ಕೆ ಊರು ಎಷ್ಟು ಬೇಗ ಜಾಗ ಕೊಡುತ್ತದೆ ನೋಡಿ.

ಕರಿಯವ್ವ ನೆಲ ಹಿಡಿದ ಬೆಳಿಗ್ಗೆ ಕ್ಯಾತಪ್ಪ ಹೆಂಡತಿಯನ್ನು ಕೇಳಲು ಹೋಗಲಿಲ್ಲ, ನೇರ ದನದ ಡಾಕ್ಟರಿಗೆ ಫೋನ್ ಮಾಡಿದ. ಬಂದವಳು ಮೆಹನಾಜ್ ಎಂಬ ಡಾಕ್ಟರು. ಚಳ್ಳಕೆರೆಯಲ್ಲಿ ಮೋಟಾರು ರಿಪೇರಿ ಮಾಡುವ ಶರೀಫ್ ಸಾಬರ ಮಗಳು. ಆ ಸಾಬರ ಹತ್ತಿರ ಕ್ಯಾತಪ್ಪ ತನ್ನ ಬೋರಿನ ಮೋಟಾರನ್ನು ಎಷ್ಟೋ ಸಲ ಬಿಚ್ಚಿಸಿದ್ದ. ಮೆಹನಾಜ್ ಎಮ್ಮೆಯನ್ನು ಮೈ ತಟ್ಟಿ ಎಬ್ಬಿಸಿದಳು. ಉಬ್ಬಿದ ಹೊಟ್ಟೆಯ ಮೇಲೆ ಮುಷ್ಟಿ ಇಟ್ಟು ಒತ್ತಿ, ಕಿವಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಒಳಗೆ ಇರಬಾರದ್ದು ಏನೋ ಸೇರಿಕೊಂಡಿದೆ, ಹೊಟ್ಟೆ ಕೊಯ್ದು ತೆಗೆಯಬೇಕು ಎಂದಳು.

ಲಕ್ಷ್ಮಕ್ಕನ ಹುಬ್ಬು ಮೇಲೇರಿತು. ಕೊಯ್ಯುವುದನ್ನು ಕಲಿಯಲು ನನ್ನ ಎಮ್ಮೆಯೇ ಬೇಕಿತ್ತೇ ಎಂಬ ಮಾತು ಬಾಯಿಗೆ ಬಂತು. ಕರಿಯವ್ವ ಅವಳ ಕಡೆ ಒಮ್ಮೆ ನೋಡಿ ನರಳಿತು. ಮಾತು ಅಲ್ಲೇ ಉಳಿಯಿತು.

"ಉಳೀತೈತಾ?" ಎಂದು ಕೇಳಿದಳು.

"ಇವತ್ತೇ ಮಾಡಿದ್ರೆ ಆಸೆ ಐತಮ್ಮ. ಬಿಟ್ರೆ ಇಲ್ಲ."

"ಮಾಡು. ಆದ್ರೆ ನಾನು ಇಲ್ಲೇ ನಿಂತು ನೋಡ್ತೀನಿ."

"ನಿಲ್ರಿ, ತಲೆ ಹಿಡ್ಕೊಳ್ಳೋರು ಬೇಕು" ಎಂದು ಮೆಹನಾಜ್ ತೋಳು ಮಡಚಿದಳು.

ನೋವು ಗೊತ್ತಾಗದಂತೆ ಸೂಜಿ ಹಾಕಿ, ನಿಂತ ಎಮ್ಮೆಯ ಎಡಪಕ್ಕೆಯನ್ನು ಕೊಯ್ದಳು. ಮೊಣಕೈ ದಾಟಿ ಕೈ ಒಳಗೆ ಹೋಯಿತು. ಹೊರಗೆ ಬಂದದ್ದು ಮೇವಲ್ಲ, ಒಂದಕ್ಕೊಂದು ಹೆಣೆದುಕೊಂಡ ಪ್ಲಾಸ್ಟಿಕ್ ಮುದ್ದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ಬುಟ್ಟಿ ತುಂಬಿತು. ವಾಸನೆಗೆ ರಶ್ಮಿತಾ ಮೂಗು ಮುಚ್ಚಿಕೊಂಡು ದೂರ ಸರಿದಳು. ಹೊಲಿಗೆ ಹಾಕಿ ಮುಗಿದ ಮೇಲೆ ಲಕ್ಷ್ಮಕ್ಕ ಒಂದು ಕೋಲು ತಂದಳು. ಇಷ್ಟಾದರೂ ಅವಳ ಅನುಮಾನ ಸತ್ತಿರಲಿಲ್ಲ. ನಿಂಬೆಹಣ್ಣೋ, ಮೊಳೆಯೋ, ಕೂದಲೋ, ನಾಗರತ್ನ ಹಾಕಿದ್ದು ಏನಾದರೂ ಸಿಕ್ಕೇ ಸಿಗುತ್ತದೆಂದು ಆ ರಾಶಿಯನ್ನು ಕೆದಕತೊಡಗಿದಳು.

ಸಿಕ್ಕಿದ್ದು ಬಟ್ಟೆಯ ಚೂರು. ನೀಲಿ ಬಣ್ಣ, ಅಂಚಿಗೆ ಹಳದಿ ಗೆರೆ. ಮಗನ ಮದುವೆಗೆ ಉಟ್ಟು, ಹಳೆಯದಾದ ಮೇಲೆ ಹೊಲಕ್ಕೆ ಉಟ್ಟು, ಕೊನೆಗೆ ತಾನೇ ಹರಿದು ಚೂರು ಮಾಡಿಟ್ಟುಕೊಂಡಿದ್ದ ಸೀರೆ. ಕವರಿನ ಬಾಯಿಗೆ ಹಾಕಿದ ಗಂಟು ಹಾಗೇ ಇತ್ತು. ಲಕ್ಷ್ಮಕ್ಕ ಇನ್ನೊಂದು ಕಡೆ ಕೆದಕಿದಳು. ಅಲ್ಲೂ ನೀಲಿ ಚೂರು. ಅವಳಿಗೆ ತಲೆ ಎತ್ತಿ ಎಮ್ಮೆಯನ್ನು ನೋಡಲು ನಾಚಿಕೆಯಾಯಿತು.

"ಯಾರೂ ತುಳೀಬಾರ್ದು ಅಂತ ಕಟ್ಟಿದ್ದೆ ಡಾಕ್ಟ್ರಮ್ಮ" ಎಂದಳು. ಧ್ವನಿ ಅವಳದೇ ಎಂದು ಕ್ಯಾತಪ್ಪನಿಗೇ ಅನಿಸಲಿಲ್ಲ.

"ನೀವು ಗಂಟು ಹಾಕಿದ್ರಿ. ಬಿಚ್ಚೋಕೆ ಎಮ್ಮೆಗೆ ಕೈ ಇಲ್ವಲ್ಲಮ್ಮ. ಅನ್ನದ ವಾಸನೆಗೆ ಕವರಿನ ಸಮೇತ ನುಂಗ್ತೈತೆ. ನುಂಗಿದ್ದು ಕರಗಲ್ಲ, ಹೊರಗೂ ಬರಲ್ಲ."

ಮೆಹನಾಜ್ ಅಷ್ಟಕ್ಕೇ ಬಿಡಲಿಲ್ಲ. ಕೈ ತೊಳೆದು ಕಟ್ಟೆಯ ಮೇಲೆ ಕೂತು ಸೊಸೆಯನ್ನೂ ಕರೆದು ಹೇಳಿದಳು. ಬಾನಿಯನ್ನು ಮತ್ತೆ ತಂದಿಡಿ, ದಿನಾ ತೊಳೆದು ಮುಚ್ಚಳ ಹಾಕಿದರೆ ನೊಣ ಬರುವುದಿಲ್ಲ. ಸಿಪ್ಪೆ, ಸೊಪ್ಪಿನ ದಂಟು, ಅಕ್ಕಿ ತೊಳೆದ ನೀರು ಎಮ್ಮೆಗೆ ಆಗುತ್ತದೆ. ಅನ್ನ ಮಾತ್ರ ತುಸುವೇ ಇರಲಿ, ರಾಶಿ ಅನ್ನ ತಿಂದರೂ ಹೊಟ್ಟೆ ಉಬ್ಬರಿಸುತ್ತದೆ. ಹಳಸಿದ್ದು, ಕೊಳೆತದ್ದು ತಿಪ್ಪೆ ಗುಂಡಿಗೆ ಹೋಗಲಿ, ಮೇಲೆ ಸಗಣಿ, ಮಣ್ಣು ಹಾಕಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆದರೆ ಆ ಗುಂಡಿಗೆ ಒಂದು ಕವರೂ ಬೀಳಬಾರದು. ಅಡುಗೆಗೆ ಮುಂಚೆ ಯಾರು ಯಾರು ಊಟಕ್ಕಿದ್ದಾರೆ ಎಂದು ಕೇಳಿ ಅಕ್ಕಿ ಹಾಕಿ. ರಶ್ಮಿತಾ ಅದಕ್ಕೆ ಮೆಲ್ಲಗೆ, ನಾನು ಕೇಳಿಯೇ ಹಾಕುತ್ತೇನೆ, ಅತ್ತೆ ಬಂದು ಇನ್ನೊಂದು ಪಾವು ಸುರಿಯುತ್ತಾರೆ ಎಂದಳು. ಬೇರೆ ದಿನವಾಗಿದ್ದರೆ ಅದಕ್ಕೊಂದು ಜಗಳವೇ ಆಗುತ್ತಿತ್ತು. ಇವತ್ತು ಲಕ್ಷ್ಮಕ್ಕ ಹೌದೆಂದು ತಲೆಯಾಡಿಸಿದಳು.

ಸಂತೆಗೆ ಬಟ್ಟೆ ಚೀಲ ಒಯ್ದರೆ ಕವರು ಮನೆಗೆ ಬರುವುದೇ ಕಡಿಮೆಯಾಗುತ್ತದೆ, ಹಾಗೂ ಬಂದದ್ದನ್ನು ತೊಳೆದು ಒಣಗಿಸಿ ಕಸದ ಗಾಡಿಗೆ ಕೊಡಿ ಎಂದು ಮೆಹನಾಜ್ ಎದ್ದಳು. ಗಾಡಿ ಎಂದದ್ದಕ್ಕೆ ಲಕ್ಷ್ಮಕ್ಕನ ಮುಖ ಇನ್ನಷ್ಟು ಬಾಡಿತು.

ಕರಿಯವ್ವ ಉಳಿಯಿತು. ಕೆಲವು ದಿನ ಗಂಜಿ ನೀರು, ಎಳೆ ಹುಲ್ಲು ತಿಂದು, ಒಂದು ಮಧ್ಯಾಹ್ನ ಕಣ್ಣು ಅರೆ ಮುಚ್ಚಿ ಮೆಲುಕು ಹಾಕತೊಡಗಿತು. ಲಕ್ಷ್ಮಕ್ಕ ಅದರ ಪಕ್ಕ ಕೂತು ಮನಸಾರೆ ಅತ್ತಳು. ಸಂತೋಷಕ್ಕಷ್ಟೇ ಅಲ್ಲ.

ನೀಲಿ ಚೂರಿನ ಗುಟ್ಟು ಮನೆಯವರನ್ನು ಮತ್ತು ಡಾಕ್ಟರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಊರು ನಾಗರತ್ನಳನ್ನೇ ಅನುಮಾನಿಸುತ್ತಿರುತ್ತದೆ, ಲಕ್ಷ್ಮಕ್ಕನ ಮರ್ಯಾದೆ ಉಳಿಯುತ್ತದೆ. ಕ್ಯಾತಪ್ಪ ಅವಳ ಸಂಕಟ ನೋಡಲಾರದೆ, ನಾಗರತ್ನಳ ಮನೆಗೇ ಹೋಗಿ ಹೇಳಿ ಬಾ, ಅವಳು ದೊಡ್ಡ ಮನಸ್ಸಿನವಳು ಎಂದ.

"ಅಂದಿದ್ದು ನಾಲ್ಕು ಜನರ ಎದುರಿಗೆ" ಎಂದಳು ಲಕ್ಷ್ಮಕ್ಕ. "ಮನೇಗೆ ಹೋಗಿ ಪಿಸುಗುಟ್ಟಿದ್ರೆ ಅದು ಹೋಗ್ತೈತಾ?"

ವಾರದ ಸಭೆಗೆ ಅವಳು ಒಂದು ಬಕೆಟ್ಟು ಹಿಡಿದು ಹೋದಳು. ಅದರಲ್ಲಿ ಎಮ್ಮೆಯ ಹೊಟ್ಟೆಯಿಂದ ತೆಗೆದ ಕವರುಗಳಿದ್ದವು, ಎರಡು ಮೂರು ಸಲ ತೊಳೆದರೂ ನಾತ ಬಿಟ್ಟಿರಲಿಲ್ಲ. ಬಾಗಿಲ ಹತ್ತಿರ ಒಂದು ಮೂಲೆಯಲ್ಲಿ ನಾಗರತ್ನ ಒಬ್ಬಳೇ ಕೂತಿದ್ದಳು. ಅವಳ ಪಕ್ಕ ಯಾರೂ ಕೂತಿರಲಿಲ್ಲ. ಲಕ್ಷ್ಮಕ್ಕ ನಡುವೆ ನಿಂತು ಬಕೆಟ್ಟು ಸುರಿದಳು. ನೀಲಿ ಚೂರನ್ನು ಎತ್ತಿ ಹಿಡಿದಳು.

"ಈ ಸೀರೆ ಯಾರದು ಅಂತ ನಿಮಗೆಲ್ಲ ಗೊತ್ತೈತೆ. ನನ್ನ ಎಮ್ಮೆಗೆ ವಿಷ ಇಕ್ಕಿದ್ದು ಈ ಕೈ. ನಾಗರತ್ನ ಅದನ್ನ ತಪ್ಪಿಸೋಕೆ ನೋಡಿದ್ಲು. ನಾನು ಅವಳ ಮೇಲೆ ಹೊರಿಸ್ದೆ. ತಪ್ಪಾತು ಕಣೇ ನಾಗಿ."

ನಾಗರತ್ನ ತಕ್ಷಣ ನಗಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಅವಮಾನ ನುಂಗಿದವರಿಗೆ ಅದು ಅಷ್ಟು ಸುಲಭವಲ್ಲ. ಆಮೇಲೆ ಎದ್ದು ಬಂದು ಲಕ್ಷ್ಮಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಕವರುಗಳನ್ನು ಬಕೆಟ್ಟಿಗೆ ತುಂಬತೊಡಗಿದಳು. ಲಕ್ಷ್ಮಕ್ಕನೂ ಕೂತು ತುಂಬಿದಳು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಬಗ್ಗಿದರು. ಹಾಗೆ ಬಗ್ಗಿದವರಲ್ಲಿ ಒಬ್ಬಾಕೆ, ನಮ್ಮ ಮನೆಯಲ್ಲೂ ಹೀಗೇ ಕಟ್ಟುತ್ತೇವಲ್ಲವ್ವ ಎಂದು ಗಾಬರಿಯಿಂದ ಹೇಳಿದಳು. ಇನ್ನೂ ಇಬ್ಬರು ನಾವೂ ಎಂದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಘದಲ್ಲಿ ಕೂತು ಕೇಳುತ್ತಿರುವವರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ನಿನ್ನೆ ನಿಮ್ಮ ಮನೆಯಲ್ಲಿ ಮಿಕ್ಕ ಅನ್ನ ಎಲ್ಲಿ ಹೋಯಿತು? ಕವರಿಗೆ ಕಟ್ಟಿ ಇಟ್ಟಿದ್ದರೆ, ದನ ಬಿಡುವ ಹೊತ್ತಿಗೆ ಮುಂಚೆ ಹೋಗಿ ತನ್ನಿ. ಬೇಕಾದಷ್ಟೇ ಬೇಯಿಸಿ. ಮಿಕ್ಕದ್ದನ್ನು ಬಾನಿಗೆ, ಗುಂಡಿಗೆ ಹಾಕಿ. ಕವರನ್ನು ಖಾಲಿ ಮಾಡಿ, ತೊಳೆದು ಗಾಡಿಗೆ ಕೊಡಿ. ಅನುಮಾನ ಪಡುವವರು ಧಾರಾಳವಾಗಿ ಪಡಿ, ಯಾರೂ ಬೇಡವೆನ್ನುವುದಿಲ್ಲ. ಮೊದಲು ನಿಮ್ಮ ಕೈಯಲ್ಲಿರುವ ಕವರಿನ ಮೇಲೆ ಪಡಿ.